ಕಾದ ಕಲ್ಲಿನ ಮೇಲೊಂದು ಕ್ಯಾಲ್ಕುಲೇಟರ್

"ಈ ಸಲ ಕೊಡಲ್ಲ ಅಂದ್ರೆ ಕೊಡಲ್ಲ! ಭೂಮಿ ಆಕಾಶ ಒಂದಾದ್ರೂ ಕೊಡಲ್ಲ!"

ಹೀಗೆಂದು ಸಾರಿ ಕಿತಿಯೋನೆ ಅಡುಗೆಮನೆಯ ಮೇಜನ್ನು ಗುದ್ದಿದ. ಅವನ ಪ್ರತಿಜ್ಞೆಗೆ ಹೆದರಿ ಲೋಟದಲ್ಲಿದ್ದ ಚಹಾ ಅರ್ಧ ಮೇಜಿನ ಮೇಲೆ ಹಾರಿತು. ಹೆಂಡತಿ ಲವೇನಿಯಾ ಮಾತ್ರ ಹೆದರಲಿಲ್ಲ. ಈರುಳ್ಳಿ ಹೆಚ್ಚುತ್ತಾ ತಲೆಯೆತ್ತದೆಯೇ ಕೇಳಿದಳು.

"ಏನನ್ನ ಕೊಡಲ್ಲ?"

"ಕ್ಯಾಲ್ಕುಲೇಟರನ್ನ!"

"ಯಾರು ಕೇಳಿದ್ರು?"

"ಇನ್ನೂ ಯಾರೂ ಕೇಳಿಲ್ಲ. ಕೇಳ್ತಾನೆ. ನಿನ್ನ ತಮ್ಮ!"

ಲವೇನಿಯಾಳ ತಮ್ಮ ಸೈರುಸಿ ಎರಡು ಬೀದಿಯಾಚೆ ಇದ್ದ. ಕಿತಿಯೋನೆಯ ಮನೆಯ ಅರ್ಧ ಸಾಮಾನೂ ಎರಡು ಬೀದಿಯಾಚೆಯೇ ಇತ್ತು. ಹುಲ್ಲು ಕತ್ತರಿಸುವ ಯಂತ್ರ ಒಂದು ದಿನಕ್ಕೆಂದು ಹೋದದ್ದು ಅಲ್ಲೇ ಸಂಸಾರ ಹೂಡಿತ್ತು. ಡೇರೆ ಹೋಗಿತ್ತು, ಏಣಿ ಹೋಗಿತ್ತು, ಕಿತಿಯೋನೆಯ ಮದುವೆಯ ಕೋಟೂ ಹೋಗಿತ್ತು. ಆ ಕೋಟನ್ನು ಅವನು ಈಗ ನೋಡುತ್ತಿದ್ದದ್ದು ಬೇರೆಯವರ ಮದುವೆ ಫೋಟೋಗಳಲ್ಲಿ ಮಾತ್ರ.

ಇದಕ್ಕೆಲ್ಲ ಹೆಸರು ಕೆರೆಕೆರೆ. ಬಳಗದವರು ಬಂದು ಬೇಕೆಂದು ಕೇಳಿದರೆ ಕೊಡಬೇಕು. ಇಲ್ಲ ಅನ್ನಬಾರದೆಂದು ಕಾನೂನೇನಿಲ್ಲ. ಅಂದವನ ಮನೆಯ ಮದುವೆಗೆ ಜನ ಬರುವುದಿಲ್ಲ, ಅಷ್ಟೇ. ಫಿಜಿಯಿಂದ ನ್ಯೂಜಿಲೆಂಡಿನ ಹೇಸ್ಟಿಂಗ್ಸ್‌ಗೆ ಸೇಬು ಕೀಳಲು ಬಂದವರ ಜೊತೆ ಕೆರೆಕೆರೆಯೂ ಟಿಕೆಟ್ಟಿಲ್ಲದೆ ವಿಮಾನ ಹತ್ತಿ ಬಂದಿತ್ತು. ಕೇಳುವವನಿಗೆ ಕೆರೆಕೆರೆ, ಕೊಡುವವನಿಗೆ ಕಿರಿಕಿರಿ ಎಂಬುದು ಕಿತಿಯೋನೆಯ ಸ್ವಂತ ಸಂಶೋಧನೆ.

"ನೀನು ಕೂತಿರೋ ಕುರ್ಚಿ ಯಾರದ್ದು, ತೊರಿಕಾಳ ಅಪ್ಪ?" ಎಂದಳು ಲವೇನಿಯಾ.

ಕಿತಿಯೋನೆ ಬಗ್ಗಿ ಕುರ್ಚಿಯ ಕಾಲನ್ನು ನೋಡಿ, "ಸೈರುಸಿದು" ಎಂದ.

"ಮೇಜು?"

"ಮಾತು ಬದಲಾಯಿಸಬೇಡ! ಕುರ್ಚಿ ಬೇರೆ, ಕ್ಯಾಲ್ಕುಲೇಟರ್ ಬೇರೆ!"

ಬೇರೆಯೇ ಸರಿ. ಮಗಳು ತೊರಿಕಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಸೋಮವಾರ ಕ್ಯಾಲ್ಕುಲಸ್ ಪರೀಕ್ಷೆ. ಅದರಲ್ಲಿ ಚೆನ್ನಾಗಿ ಬರೆದರೆ ಇಂಜಿನಿಯರಿಂಗ್ ಓದಬಹುದು, ಸೇತುವೆ ಕಟ್ಟಬಹುದು. ಬರೆಯದಿದ್ದರೆ ಅಪ್ಪನ ಹಾಗೆ ಹಣ್ಣಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸಬಹುದು. ಕಿತಿಯೋನೆಗೆ ಆ ಗಾಡಿಯ ಮೇಲೆ ಪ್ರೀತಿಯಿತ್ತು, ಆದರೆ ಮಗಳನ್ನು ಅದರ ಮೇಲೆ ಕೂರಿಸುವಷ್ಟಲ್ಲ.

ಆ ಕ್ಯಾಲ್ಕುಲೇಟರನ್ನು ಆರಿಸಿದ ಕಥೆಯೇ ಒಂದು ಪುರಾಣ. ವರ್ಷದ ಆರಂಭದಲ್ಲೇ ಗಣಿತದ ಹಾಲ್ಡೇನ್ ಮೇಡಂ ಹೇಳಿದ್ದರು: "ಗ್ರಾಫ್ ಬರೆಯೋವಂಥದ್ದೇ ಬೇಕು. ಪರೀಕ್ಷೆಯಲ್ಲಿ ಒಪ್ಪೋವಂಥದ್ದಾಗಿರಬೇಕು. ಅಗ್ಗದ್ದೇ ಸಾಕು, ದುಬಾರಿದಕ್ಕೆ ಹೋಗ್ಬೇಡಿ."

"ಅಗ್ಗದ್ದು ಆರಿಸೋದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ!" ಎಂದು ಎದೆ ತಟ್ಟಿಕೊಂಡು ಹೋದ ಕಿತಿಯೋನೆ, ಹಳೇ ಸಾಮಾನಿನ ಅಂಗಡಿಯಿಂದ ರೊಟ್ಟಿ ಡಬ್ಬಿಯಷ್ಟು ದೊಡ್ಡದೊಂದು ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಗುಂಡಿ ಒತ್ತಿದರೆ ಕರ್ರ್ ಎಂದು ಹಲ್ಲು ಕಡಿದು ನೆತ್ತಿಯಿಂದ ಕಾಗದ ಕಕ್ಕುತ್ತಿತ್ತು.

"ನೋಡು, ಹೇಗೆ ಬರೀತದೆ!"

"ಅಪ್ಪ, ಇದು ದಿನಸಿ ಅಂಗಡಿಯವರದ್ದು."

"ಗ್ರಾಫ್ ಬರೆಯಲ್ವಾ?"

"ರಸೀದಿ ಬರೆಯುತ್ತೆ."

ಮರುವಾರ ಇಬ್ಬರೂ ದೊಡ್ಡ ಅಂಗಡಿಗೇ ಹೋದರು. ಅಲ್ಲಿನ ಮಾರಾಟಗಾರ ಬಣ್ಣದ ಪರದೆಯ ಮಹಾರಾಜನೊಂದನ್ನು ಗಾಜಿನ ಕಪಾಟಿನಿಂದ ಇಳಿಸಿ, ಮದುವೆ ಗಂಡನ್ನು ಹೊಗಳುವವನ ಹಾಗೆ ಅದರ ಗುಣಗಾನ ಮಾಡಿದ. ಬೆಲೆ ಕೇಳಿದ ಕಿತಿಯೋನೆ, "ಇಷ್ಟು ದುಡ್ಡಿಗೆ ಪರೀಕ್ಷೆಗೆ ಇದೇ ಹೋಗಿ ಕೂರಬೇಕು!" ಎಂದ. ಆಮೇಲೆ ಪಕ್ಕದಲ್ಲಿದ್ದ ಬಡಪಾಯಿ ಬೂದು ಪರದೆಯದನ್ನು ಎತ್ತಿಕೊಂಡು, ಸಂತೆಯಲ್ಲಿ ಕೆಸುವಿನ ಗೆಡ್ಡೆ ಆರಿಸುವವನ ಹಾಗೆ ಅಂಗೈಯಲ್ಲಿ ತೂಗಿದ, ಬೆರಳಿನಿಂದ ತಟ್ಟಿದ, ಕಿವಿಗೆ ಹಿಡಿದು ಕೇಳಿದ. ಮಾರಾಟಗಾರ ತನ್ನ ಜನ್ಮದಲ್ಲಿ ಇಂಥ ಪರೀಕ್ಷೆ ಕಂಡಿರಲಿಲ್ಲ.

"ಅಪ್ಪ, ಅದು ಬೇಯಿಸೋದಲ್ಲ" ಎಂದಳು ತೊರಿಕಾ.

ಈ ಮಾತನ್ನು ಅವನು ಆಗಲೇ ಗಂಟು ಹಾಕಿ ಇಟ್ಟುಕೊಳ್ಳಬೇಕಿತ್ತು!

ಕೊನೆಗೆ ಅದನ್ನೇ ತಂದರು. ಅಗ್ಗ ಎನ್ನುವುದು ಅಂಗಡಿಯವನ ಮಾತು. ಕಿತಿಯೋನೆಯ ಪಾಲಿಗೆ ಅದು ಶನಿವಾರಗಳ ಓವರ್‌ಟೈಮ್. ಆದರೆ ಮಗಳು ಏನೋ ನಾಲ್ಕು ಗುಂಡಿ ಒತ್ತಿದಾಗ ಆ ಬೂದು ಪರದೆಯ ಮೇಲೆ ಗೆರೆಯೊಂದು ಬೆಟ್ಟದಂತೆ ಎದ್ದು ಕಣಿವೆಯಂತೆ ಇಳಿಯಿತು ನೋಡಿ, ಅವನ ಕಣ್ಣು ತುಂಬಿತು. ಗೋದಾಮಿನಲ್ಲಿ, ಚರ್ಚಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಹೇಳಿ ಮುಗಿಸಿದ ಮೇಲೆಯೇ ಹೊಳೆದದ್ದು, ಈಗ ಇದು ಬಳಗಕ್ಕೆಲ್ಲ ಗೊತ್ತಾಯಿತು ಎಂದು. ಸೈರುಸಿಯ ಮಗನೂ ಅದೇ ಶಾಲೆ, ಒಂದು ಕ್ಲಾಸು ಕೆಳಗೆ. ಅವನಿಗೂ ಪರೀಕ್ಷೆ. ಇನ್ನು ಕೇಳದೆ ಬಿಟ್ಟಾನೆಯೇ? ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ಶುಕ್ರವಾರ ಸಂಜೆ ಕಿತಿಯೋನೆ ಒಬ್ಬನೇ ಇದ್ದ. ಮರುದಿನ ಚರ್ಚಿನಲ್ಲಿ ಬೇರೆ ಬೇರೆ ಊರಿನ ಗಾಯನ ತಂಡಗಳು ಸೇರಿ ಹಾಡುವುದಿತ್ತು; ತಾಯಿ ಮಗಳು ಅಭ್ಯಾಸಕ್ಕೆ ಹೋಗಿದ್ದರು. ಹಾಡಿನ ಮೇಲೆ ಲೋವೋ ಊಟ. ನೆಲದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಹಂದಿಮಾಂಸ, ಗೆಡ್ಡೆಗಳನ್ನೆಲ್ಲ ಅದರ ಮೇಲಿಟ್ಟು, ಮಣ್ಣು ಮುಚ್ಚಿ ಬೇಯಿಸುವುದು. ಅದಕ್ಕೆಂದು ಲವೇನಿಯಾ ಪಾಲುಸಾಮಿ ಕಟ್ಟಿದ್ದಳು: ಕೆಸುವಿನೆಲೆಯಲ್ಲಿ ತೆಂಗಿನ ಹಾಲು, ಈರುಳ್ಳಿ, ಮಾಂಸ ಇಟ್ಟು ಮಡಿಚಿ, ಮೇಲೆ ಬೆಳ್ಳಿಯಂಥ ಫಾಯಿಲ್ ಸುತ್ತಿದ ಪೊಟ್ಟಣಗಳು. ಅಡುಗೆಮನೆಯಲ್ಲಿ ತಟ್ಟೆ ತಟ್ಟೆ ಪೊಟ್ಟಣ!

ಹೊರಗೆ ಕಾರು ಕೆಮ್ಮಿತು. ಆ ಕೆಮ್ಮು ಕಿತಿಯೋನೆಗೆ ಚೆನ್ನಾಗಿ ಪರಿಚಯ. ಒಂದು ಕಾಲಕ್ಕೆ ಆ ಕಾರೂ ಅವನದ್ದೇ.

ಕ್ಯಾಲ್ಕುಲೇಟರ್ ಮೇಜಿನ ಮೇಲೆ ಬೆನ್ನು ತೆರೆದುಕೊಂಡು ಬಿದ್ದಿತ್ತು. ಬ್ಯಾಟರಿ ಸತ್ತಿದೆ, ಸಣ್ಣವು ನಾಲ್ಕು ತಂದಿಡು ಎಂದು ತೊರಿಕಾ ಬೆಳಿಗ್ಗೆಯೇ ಹೇಳಿದ್ದಳು. ಭಾನುವಾರ ರಿಯಾಯಿತಿಯಲ್ಲಿ ಸಿಗುತ್ತದೆಂದು ಅಪ್ಪ ಮುಂದೂಡಿದ್ದ. ಈಗ ಎಲ್ಲಿ ಬಚ್ಚಿಡುವುದು? ಬೀರು? ಸೈರುಸಿ ಬೀರು ತೆರೆಯುತ್ತಾನೆ. ಹಾಸಿಗೆ ಕೆಳಗೆ? ಹಾಸಿಗೆಯನ್ನೇ ಕೇಳಿದರೆ? ಅಷ್ಟರಲ್ಲಿ ಫಾಯಿಲ್ ಸುರುಳಿ ಕಣ್ಣಿಗೆ ಬಿತ್ತು. ಆಹಾ, ಏನು ಬುದ್ಧಿ, ಏನು ಬುದ್ಧಿ! ಸರಸರನೆ ಕ್ಯಾಲ್ಕುಲೇಟರಿಗೆ ಫಾಯಿಲ್ ಸುತ್ತಿ ಪಾಲುಸಾಮಿಗಳ ನಡುವೆ ತುರುಕಿದ. ಸ್ವಲ್ಪ ದಪ್ಪಗೆ ಕಂಡಿತು. ಇರಲಿ, ಬಳಗದಲ್ಲಿ ದಪ್ಪಗಿರುವವರು ಎಷ್ಟು ಜನರಿಲ್ಲ!

ಸೈರುಸಿ ಒಳಗೆ ಬಂದವನೇ ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ನಿಂತ. "ಭಾವ, ತೊರಿಕಾದು ಆ ಕ್ಯಾಲ್ಕುಲೇಟರ್ ಇದೆಯಲ್ಲ, ಅದಕ್ಕೆ..."

"ಕೆಟ್ಟುಹೋಯ್ತು!" ಎಂದು ಕಿರುಚಿದ ಕಿತಿಯೋನೆ.

"ಹಾಂ?"

"ಬಿಸಿಯಾಯ್ತು. ಬಿಸಿಯಾಗಿ, ಬಿಸಿಯಾಗಿ ಕರಗಿಹೋಯ್ತು! ಪೂರ್ತಿ!"

"ಕರಗಿಹೋಯ್ತಾ? ಅದು ಹೇಗೆ ಭಾವ?"

"ಕ್ಯಾಲ್ಕುಲಸ್ ಅಂದ್ರೆ ಏನಂದ್ಕೊಂಡೆ? ಭಾರೀ ಲೆಕ್ಕ. ಪಾಪ, ತಡ್ಕೊಳ್ಳಲಿಲ್ಲ."

ಸೈರುಸಿಯ ಮುಖ ಬಾಡಿತು. ಜೇಬಿನಿಂದ ಕೈಯನ್ನು ಬರಿದಾಗಿಯೇ ಹೊರತೆಗೆದ. "ಸೋಮವಾರ ಪರೀಕ್ಷೆ ಅಲ್ವಾ ಭಾವ ಕೂಸಿಗೆ?" ಎಂದ. ಕಿತಿಯೋನೆ ಕಣ್ಣೊರೆಸಿಕೊಳ್ಳುವಂತೆ ನಟಿಸಿದ. ಬೆರಳಿಗಂಟಿದ್ದ ಈರುಳ್ಳಿಯ ಕೃಪೆಯಿಂದ ನಿಜವಾದ ನೀರೇ ಬಂತು.

ಇಬ್ಬರೂ ಚಾಪೆಯ ಮೇಲೆ ಕೂತು ಯಂಗೋನ ಬೇರಿನ ಕಷಾಯ ಕಲಸಿದರು. ತೆಂಗಿನ ಚಿಪ್ಪಿನ ಮೇಲೆ ಚಿಪ್ಪು ಖಾಲಿಯಾಯಿತು. ಸೈರುಸಿ ಕುಡಿಯುವುದಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಏನೋ ಕುಟ್ಟುತ್ತಿದ್ದ.

"ಏನೋ ಅದು? ರಗ್ಬಿ ಸ್ಕೋರಾ?"

"ಏನಿಲ್ಲ ಭಾವ. ನೀನು ಕುಡಿ."

ಯಂಗೋನ ಮೊದಲು ನಾಲಿಗೆಯನ್ನು ಮಲಗಿಸುತ್ತದೆ, ಆಮೇಲೆ ಕುಡಿದವನನ್ನು. ಗೆದ್ದ ಸೇನಾಪತಿಯ ಹಾಗೆ ಕಿತಿಯೋನೆ ಚಾಪೆಯ ಮೇಲೆ ಉರುಳಿದ. ಮನೆಗೆ ಬಂದ ತೊರಿಕಾ ಕ್ಯಾಲ್ಕುಲೇಟರ್ ಎಲ್ಲಿ ಎಂದು ಎಬ್ಬಿಸಿ ಕೇಳಿದಳಂತೆ. "ಭದ್ರವಾಗಿದೆ" ಎಂದು ಗೊರಕೆಯ ನಡುವೆಯೇ ಉತ್ತರಿಸಿದನಂತೆ.

ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಮನೆ ಖಾಲಿ. ಅಡುಗೆಮನೆಗೆ ಹೋದ. ಮೇಜೂ ಖಾಲಿ! ತಟ್ಟೆ, ಪೊಟ್ಟಣ, ಬೆಳ್ಳಿ, ಭವಿಷ್ಯ ಎಲ್ಲ ಖಾಲಿ!

ಮದುವೆಯಾದ ಮೇಲೆ ಕಿತಿಯೋನೆ ಓಡಿದವನಲ್ಲ. ಅವತ್ತು ಓಡಿದ. ಎಡಗಾಲಿಗೆ ತನ್ನ ಚಪ್ಪಲಿ, ಬಲಗಾಲಿಗೆ ಹೆಂಡತಿಯದು. ಚರ್ಚಿನ ಹಿತ್ತಲಿಗೆ ಬಂದು ನೋಡಿದರೆ ಗುಂಡಿಯನ್ನು ಮುಚ್ಚಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮಣ್ಣು ಎಳೆದು ಗಂಡಸರು ಕೈ ತೊಳೆಯುತ್ತಿದ್ದರು. ಮಣ್ಣಿನ ಸಂದಿಯಿಂದ ಹಬೆ ಸಣ್ಣಗೆ ಏಳುತ್ತಿತ್ತು.

"ತೆಗೀರಿ, ತೆಗೀರಿ! ಬೆಂದಿದೆ!" ಎಂದ ಏದುಸಿರು ಬಿಡುತ್ತಾ.

"ಈಗ ತಾನೇ ಮುಚ್ಚಿದ್ದೀವಿ ಮಾರಾಯ."

"ಹಂದಿ ಸೀದುಹೋಗುತ್ತೆ!"

"ಹಂದಿಗಿಂತ ನೀನೇ ಜಾಸ್ತಿ ಕಾದಿದೀಯ. ಹೋಗು, ನೆರಳಲ್ಲಿ ಕೂತ್ಕೋ."

ಲೋವೋ ಗುಂಡಿಯನ್ನು ಹೊತ್ತಿಗೆ ಮುಂಚೆ ತೆರೆಯುವುದು ಪೂಜೆಯ ನಡುವೆ ಎದ್ದು ಹೋದ ಹಾಗೆ. ನಿಜ ಹೇಳಿದರೆ ತೆರೆದಾರು. ಆದರೆ ನಿಜ ಹೇಳಬೇಕಾದರೆ ಸೈರುಸಿ ಪಕ್ಕದಲ್ಲೇ ನಿಂತಿದ್ದಾನೆ! ಕಿತಿಯೋನೆ ಹೋಗಿ ನೆರಳಲ್ಲಿ ಕೂತ. ಒಳಗಿನಿಂದ ಗಾಯನ ಕೇಳುತ್ತಿತ್ತು. ಮಗಳ ದನಿ ಎಲ್ಲಕ್ಕಿಂತ ಮೇಲೆ ಏರುತ್ತಿತ್ತು. ಅದನ್ನು ಕೇಳುತ್ತಾ ಅವನಿಗೆ ನಿಜಕ್ಕೂ ಅಳು ಬಂತು. ಈ ಸಲ ಈರುಳ್ಳಿಯ ಹಂಗಿರಲಿಲ್ಲ.

ಗುಂಡಿ ತೆರೆದಾಗ ಎಲ್ಲರಿಗಿಂತ ಮುಂದೆ ಅವನೇ. ಬರಿಗೈಯಲ್ಲಿ ಒಂದೊಂದು ಪೊಟ್ಟಣವನ್ನೂ ಹಿಸುಕುತ್ತಾ, ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಳ್ಳುತ್ತಾ, ಮತ್ತೆ ಹಿಸುಕುತ್ತಾ ನಡೆದ.

"ಏನಪ್ಪಾ ಇದು ಹೊಟ್ಟೆಬಾಕತನ! ಪಾದ್ರಿಗಳಿಗಿಂತ ಮೊದಲು ಕೈ ಹಾಕ್ತೀಯಾ?" ಎಂದು ಹೆಂಗಸರು ಸೌಟಿನಿಂದ ಮೊಣಕೈಗೆ ಕೊಟ್ಟು ಓಡಿಸಿದರು. ಪಾದ್ರಿಗಳೆಂದಾಗ ಅವನಿಗೆ ನೆನಪಾಯಿತು: ಅತಿ ದೊಡ್ಡ ಪೊಟ್ಟಣ ಯಾವಾಗಲೂ ಪಾದ್ರಿಗಳ ತಟ್ಟೆಗೇ ಹೋಗುವುದು.

ಹೋಗಿತ್ತು.

ಸಭಾಂಗಣದಲ್ಲಿ ಉದ್ದಕ್ಕೆ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ಪಾದ್ರಿಗಳು ಅನ್ನ ಕೊಟ್ಟ ದೇವರನ್ನು ನಿಧಾನವಾಗಿ, ವಿವರವಾಗಿ ಸ್ತುತಿಸಿದರು. "ಈ ತಟ್ಟೆಯಲ್ಲಿ ನೀನು ಏನನ್ನೇ ಇಟ್ಟರೂ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ" ಎಂದು ಮುಗಿಸಿ ಫಾಯಿಲ್ ಬಿಚ್ಚಿದರು.

ಕನ್ನಡಕಕ್ಕೆ ಹಬೆ ಬಡಿಯಿತು. ಒರೆಸಿಕೊಂಡು ನೋಡಿದರು. ಒಂದು ಸಲ ಮೂಸಿದರು. ಪರದೆ ಹಪ್ಪಳದ ಹಾಗೆ ಉಬ್ಬಿತ್ತು. ಗುಂಡಿಗಳೆಲ್ಲ ಕರಗಿ ಒಂದರ ಮೈಮೇಲೊಂದು ಒರಗಿಕೊಂಡಿದ್ದವು.

"ಲವೇನಿಯಾ," ಎಂದರು ಪಾದ್ರಿಗಳು ಮೆಲ್ಲಗೆ, "ಇದರಲ್ಲಿ ಎಲೆ ಇಲ್ಲ."

ತೊರಿಕಾ ಎದ್ದು ನಿಂತಳು. "ಅಪ್ಪ!" ಎಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಪ್ಪ, ಸೋಮವಾರ ಪರೀಕ್ಷೆ."

ನೆಲ ಬಾಯಿ ಬಿಡಬಾರದೇ ಎಂದುಕೊಂಡ ಕಿತಿಯೋನೆ. ಹಿತ್ತಲಲ್ಲಿ ಬಾಯಿ ಬಿಟ್ಟುಕೊಂಡ ಗುಂಡಿ ಒಂದಿತ್ತು, ಇನ್ನೂ ಬಿಸಿಯಾಗಿಯೇ ಇತ್ತು. ಅವನು ಎದ್ದೇಳುವಷ್ಟರಲ್ಲಿ ಸೈರುಸಿ ಎದ್ದುಬಿಟ್ಟ.

"ನೋಡಿದ್ರಾ! ನೋಡಿದ್ರಾ ಎಲ್ರೂ! ಕ್ಯಾಲ್ಕುಲೇಟರ್ ಎಲ್ಲಾದ್ರೂ ಕರಗುತ್ತಾ ಅಂತ ನಿನ್ನೆ ಫೋನಲ್ಲಿ ಒಂದು ತನ್ನಿ ಅಂತ ನಾನು ಕೆರೆಕೆರೆ ಕೇಳಿದಾಗ ನನ್ನನ್ನೇ ನಗಾಡಿದ್ರಲ್ಲ? ಈಗ ಕಣ್ಣಾರೆ ನೋಡಿ! ನಮ್ಮ ಭಾವ ಬಾಯಿ ಬಿಟ್ಟು ಸುಳ್ಳು ಹೇಳಿದ ಮನುಷ್ಯನೇ ಅಲ್ಲ!"

ಕಿತಿಯೋನೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

"ತನ್ನಿ, ತನ್ನಿ, ಎಲ್ಲಿ?" ಎಂದ ಸೈರುಸಿ. ಆಗ ಚಾಪೆಯ ಉದ್ದಕ್ಕೂ ಚೀಲಗಳು ಬಾಯಿ ತೆರೆದವು. ನೇಪಿಯರ್‌ನವರು ಕರವಸ್ತ್ರದಲ್ಲಿ ಸುತ್ತಿದ್ದೊಂದನ್ನು ತೆಗೆದರು. ಆಕ್ಲೆಂಡಿನ ತಂಡದವರು ಬಣ್ಣದ ಪರದೆಯ ಮಹಾರಾಜನನ್ನೇ ತಂದಿದ್ದರು. ಯಾರೋ ಇಟ್ಟಿಗೆಯಂಥದ್ದು, ಯಾರೋ ಮುಚ್ಚಳವಿಲ್ಲದ್ದು. ಪಾಮರ್‌ಸ್ಟನ್‌ನಿಂದ ಬಂದ ಅಕೋಸಿತಾ ಅತ್ತೆ, ಹಾಡಿನ ಪುಸ್ತಕದ ಚೀಲದಿಂದ ಬೂದು ಪರದೆಯದೊಂದನ್ನು ಎಳೆದು, "ನಮ್ಮ ಹುಡುಗ ಓದು ಮುಗಿಸಿದ. ಇದು ಬೀರುವಿನಲ್ಲಿ ಸುಮ್ನೆ ನಿದ್ದೆ ಹೊಡೀತಿತ್ತು" ಎಂದಳು.

ತೊರಿಕಾ ಕಣ್ಣೊರೆಸಿಕೊಂಡು ಎಲ್ಲವನ್ನೂ ನೋಡಿದಳು. ಮಹಾರಾಜನ ಕಡೆ ಬೆರಳು ಒಂದು ಕ್ಷಣ ಹೋಯಿತು. ಆಮೇಲೆ ಅತ್ತೆಯ ಬೂದು ಪರದೆಯದನ್ನೇ ಎತ್ತಿಕೊಂಡಳು. "ಇದೇ ಸಾಕು. ನನ್ನ ಬೆರಳಿಗೆ ಇದೇ ಗೊತ್ತು" ಎಂದಳು. ಗುಂಡಿ ಒತ್ತಿದಳು. ಪರದೆ ಏಳಲಿಲ್ಲ.

"ಇರು ಕೂಸೇ" ಎಂದು ಸೈರುಸಿ ಪ್ಯಾಂಟಿನ ಜೇಬಿನಿಂದ ಸಣ್ಣ ಬ್ಯಾಟರಿ ನಾಲ್ಕನ್ನು ತೆಗೆದುಕೊಟ್ಟ. "ಇವನ್ನ ಕೊಡೋಕೇ ನಿನ್ನೆ ಬಂದಿದ್ದೆ. ಬ್ಯಾಟರಿ ಮುಗಿದಿದೆ ಅಂತ ನೀನು ನಮ್ಮ ಹುಡುಗನಿಗೆ ಹೇಳಿದ್ದೆಯಂತೆ. ಬಂದು ನೋಡಿದ್ರೆ ಕರಗಿಹೋಯ್ತು ಅಂದ ನಿಮ್ಮಪ್ಪ. ಮತ್ತೆ ಜೇಬಿಗೇ ಹಾಕ್ಕೊಂಡೆ."

ಇದನ್ನು ಕಿತಿಯೋನೆಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆಯುತ್ತಿದ್ದ, ಹೊಡೆದಿದ್ದರೂ ತಡೆಯುತ್ತಿದ್ದ. ಎದ್ದು ನಿಂತು, "ಸುಳ್ಳು!" ಎಂದ. "ನಿನ್ನೆ ಕರಗಿರಲಿಲ್ಲ. ಇವತ್ತು ಕರಗಿದ್ದು. ಸೈರುಸಿ ಕೇಳ್ತಾನೆ ಅಂತ ನಾನೇ ಫಾಯಿಲ್ ಸುತ್ತಿ ಬಚ್ಚಿಟ್ಟೆ. ನನ್ನ ಮಗಳದನ್ನ ನಾನೇ ಬೇಯಿಸಿದೆ."

ಪಾದ್ರಿಗಳು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು. ಲವೇನಿಯಾ ಸೆರಗಿಲ್ಲದ್ದರಿಂದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸೈರುಸಿ ಭಾವನನ್ನು ನೋಡಿದ, ತಟ್ಟೆಯನ್ನು ನೋಡಿದ, ಮತ್ತೆ ಭಾವನನ್ನು ನೋಡಿದ. ಆಮೇಲೆ ಎಲ್ಲಿಂದಲೋ ಒಂದು ನಗು ಹೊರಟಿತು ನೋಡಿ! ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಿದ. ಅವನು ಹೊರಳಿದ್ದು ನೋಡಿ ನೇಪಿಯರ್ ನಕ್ಕಿತು, ಆಕ್ಲೆಂಡ್ ನಕ್ಕಿತು, ಅಕೋಸಿತಾ ಅತ್ತೆಯ ಹಲ್ಲಿನ ಸೆಟ್ಟು ಸಡಿಲಾಯಿತು. ಕಡೆಗೆ ತೊರಿಕಾಳೂ ನಕ್ಕಳು. ಅವಳು ನಕ್ಕಳಲ್ಲ ಎಂದು ಕಿತಿಯೋನೆಗೆ ಹೋದ ಜೀವ ಬಂದಂತಾಯಿತು.

"ಭಾವ," ಎಂದ ಸೈರುಸಿ ಉಸಿರು ಹಿಡಿದುಕೊಂಡು, "ಉಪ್ಪು ಹಾಕಿದ್ಯಾ?"

ಸೋಮವಾರ ತೊರಿಕಾ ಪರೀಕ್ಷೆ ಮುಗಿಸಿ ಬಂದು, ಸುಲಭವಿತ್ತು ಅಪ್ಪ ಎಂದಳು. ಶುರುವಾಗುವ ಮುಂಚೆ, ಯಾರೂ ನಕಲು ಮಾಡದಿರಲೆಂದು, ಗುಂಡಿಯೊಂದನ್ನು ಒತ್ತಿ ಎಲ್ಲರ ಕ್ಯಾಲ್ಕುಲೇಟರಿನ ನೆನಪನ್ನೂ ಅಳಿಸಿ ಒಳಗೆ ಬಿಟ್ಟರಂತೆ.

"ಅಂಥದ್ದೊಂದು ಗುಂಡಿ ನಿನ್ನ ಸೋದರಮಾವನಿಗೂ ಇರುತ್ತಾ ನೋಡು" ಎಂದ ಕಿತಿಯೋನೆ.

ಇರಲಿಲ್ಲ. ಅದೇ ಸಂಜೆ ಕಾರು ಕೆಮ್ಮಿತು. ಸೈರುಸಿ ಒಳಗೆ ಬಂದು ತನ್ನದೇ ಕುರ್ಚಿಯಲ್ಲಿ ಕೂತು, "ಭಾವ, ಒಂದು ಕೆರೆಕೆರೆ" ಎಂದ.

"ಏನು ಬೇಕಾದ್ರೂ ಕೇಳು. ಮನೆ ಬೇಕಾ?"

"ಆ ಬೆಂದ ಕ್ಯಾಲ್ಕುಲೇಟರ್ ಕೊಡು."

ಕಿತಿಯೋನೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಭೂಮಿ ಆಕಾಶ ಎರಡೂ ತಮ್ಮ ತಮ್ಮ ಜಾಗದಲ್ಲೇ ಇದ್ದವು.

ಈಗ ಅದು ಸೈರುಸಿಯ ಮನೆಯ ನಡುಗೋಡೆಯ ಮೇಲೆ, ಯಂಗೋನ ಬಟ್ಟಲಿನ ನೇರಕ್ಕೆ, ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಹೊಸದಾಗಿ ಬಂದವರೆಲ್ಲ ಏನದು ಎಂದು ಕೇಳುತ್ತಾರೆ. ಸೈರುಸಿ ಎದ್ದು ನಿಂತು, ಅಭಿನಯ ಸಮೇತ, ಪಾದ್ರಿಗಳು ಮೂಸಿದ್ದನ್ನೂ ಬಿಡದೆ ಕಥೆ ಹೇಳುತ್ತಾನೆ. ಕಥೆಯ ನಾಯಕ ಅದರ ಕೆಳಗೇ ಕೂತು ಚಿಪ್ಪು ಖಾಲಿ ಮಾಡಬೇಕು.

ಎಷ್ಟು ದಿನ ಸಹಿಸುವುದು? ಒಂದು ಸಂಜೆ ಕಿತಿಯೋನೆ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಕೇಳಿಯೇಬಿಟ್ಟ. ಕೇಳಿದರೆ ಇಲ್ಲ ಅನ್ನುವಂತಿಲ್ಲವಲ್ಲ!

"ಸೈರುಸಿ, ಒಂದು ಕೆರೆಕೆರೆ. ಆ ಕ್ಯಾಲ್ಕುಲೇಟರ್ ಇದೆಯಲ್ಲ..."

ಸೈರುಸಿ ತಲೆಯೆತ್ತಿ ಗೋಡೆಯನ್ನು ನೋಡಿದ. ಮುಖದಲ್ಲಿ ಶೋಕ ತುಂಬಿಕೊಂಡ. ಕಣ್ಣನ್ನೂ ಒರೆಸಿಕೊಂಡ.

"ಅಯ್ಯೋ ಭಾವ, ಅದಾ? ಬಿಸಿಯಾಗಿ, ಬಿಸಿಯಾಗಿ ಕರಗಿಹೋಯ್ತು! ಪೂರ್ತಿ!"